ಕ್ರೈಸ್ತ ವಿಶ್ವಾಸದ ನೆಲೆಯಲ್ಲಿ ಮಿಡ್‌ವೈಫ್ ಆಗುವುದು: ಪಿಯುಸಿಯಿಂದ ಹೆರಿಗೆ ಕೋಣೆಯವರೆಗೆ

ಪಿಯುಸಿ ಮುಗಿಸಿ ನೇರವಾಗಿ ಮಿಡ್‌ವೈಫರಿ, ಅಂದರೆ ಹೆರಿಗೆ ಮಾಡಿಸುವ ವಿದ್ಯೆ, ಓದುವ ದಾರಿ ಸದ್ಯ ಕರ್ನಾಟಕದಲ್ಲಿ ಇಲ್ಲ. ನರ್ಸಿಂಗ್ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದವರ ಹೆಸರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ‘ಆರ್‌ಎನ್, ಆರ್‌ಎಂ’ ಎಂದು, ಅಂದರೆ ನರ್ಸ್ ಮತ್ತು ಮಿಡ್‌ವೈಫ್ ಎರಡೂ ಆಗಿ ದಾಖಲಾಗುತ್ತದೆ. ತೊಡಕು ಇರುವುದು ಇಲ್ಲೇ. ಕಾಗದದ ಮೇಲೆ ಎಲ್ಲರೂ ಮಿಡ್‌ವೈಫ್‌ಗಳು; ಒಂದು ಸಹಜ ಹೆರಿಗೆಯನ್ನು ಮೊದಲ ನೋವಿನಿಂದ ಮಾಸು ಬೀಳುವವರೆಗೆ ಧೈರ್ಯವಾಗಿ ನಿಭಾಯಿಸಬಲ್ಲವರು ಅವರಲ್ಲಿ ಕೆಲವರೇ. ಹಾಗಾಗಿ ಈ ದಾರಿಯಲ್ಲಿ ಪ್ರತಿ ತಿರುವಿನಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಿಂದ ನನ್ನ ಕೈಗೆ ಕೆಲಸ ಬರುತ್ತದಾ, ಇಲ್ಲ ಬರೀ ಸರ್ಟಿಫಿಕೇಟ್ ಬರುತ್ತದಾ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೂ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದಾರೆ. ಪಕ್ಕದ ಕೇರಳದಲ್ಲಿ ಅದೇ ಅವಧಿಯ ಸಂಖ್ಯೆ 19. ಹೆಂಗಸರು ಆಸ್ಪತ್ರೆಗೆ ಬಂದದ್ದಾಯಿತು, ಮಂಚದ ಪಕ್ಕದಲ್ಲಿ ನಿಲ್ಲುವ ಪಳಗಿದ ಕೈ ಸಾಲುತ್ತಿಲ್ಲ. ದೇವರು ಈ ಕೆಲಸಕ್ಕೆ ಕರೆದಿದ್ದಾನೆ ಎಂದು ನಂಬುವ ಹುಡುಗಿಗೆ ಜಾಗ ಇರುವುದು ಅಲ್ಲಿ.

ಫೀಸು ಕಟ್ಟುವ ಮೊದಲು ಕರೆಯನ್ನು ಪರೀಕ್ಷಿಸಿ

ಸಭೆಯಲ್ಲಿ ಮಿಷನ್ ಭಾನುವಾರದ ಪ್ರಸಂಗ ಕೇಳಿ ಮನಸ್ಸು ತುಂಬಿ ಬಂದು ನರ್ಸಿಂಗ್ ಸೇರಿದವರೂ ಇದ್ದಾರೆ, ಮನೆಯವರು ‘ಗಲ್ಫ್‌ಗೆ ಹೋಗಬಹುದು’ ಅಂದದ್ದಕ್ಕೆ ಸೇರಿದವರೂ ಇದ್ದಾರೆ. ಎರಡೂ ತಪ್ಪಲ್ಲ, ಆದರೆ ಅಷ್ಟೇ ಸಾಲದು. ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಹತ್ತಿರದ ಮಿಷನ್ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಕಂಡು, ಸಭಾಪಾಲಕರ ಅಥವಾ ಧರ್ಮಗುರುಗಳ ಪತ್ರ ಕೊಟ್ಟು, ಬಾಣಂತಿ ವಾರ್ಡಿನಲ್ಲಿ ಸ್ವಯಂಸೇವಕಿಯಾಗಿ ಕೆಲವು ದಿನ ನಿಲ್ಲಲು ಅನುಮತಿ ಕೇಳಿ. ಲೇಬರ್ ರೂಮಿನೊಳಗೆ ಬಿಡಲಾರರು, ಬಿಡಲೂಬಾರದು. ಹೊರಗಿನ ವಾರ್ಡೇ ಸಾಕಷ್ಟು ಕಲಿಸುತ್ತದೆ. ರಕ್ತದ ವಾಸನೆ, ನಡುರಾತ್ರಿಯ ಕೂಗಾಟ, ಮಗು ಉಳಿಯದ ತಾಯಿಯ ಪಕ್ಕದ ಮಂಚದಲ್ಲೇ ಎದೆಹಾಲು ಕುಡಿಸುತ್ತಿರುವ ಇನ್ನೊಬ್ಬಳು. ಇದನ್ನು ಕಂಡ ಮೇಲೂ ನಾಳೆ ಬರುತ್ತೇನೆ ಅನ್ನಿಸಿದರೆ ಮುಂದುವರಿಯಿರಿ.

ಭಾನುವಾರದ ಆರಾಧನೆ, ಕ್ರಿಸ್‌ಮಸ್ ರಾತ್ರಿ, ಶುಭ ಶುಕ್ರವಾರ ಎಲ್ಲದರಲ್ಲೂ ಡ್ಯೂಟಿ ಬೀಳುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಧರ್ಮಗ್ರಂಥ ಈ ಕಸುಬನ್ನು ಸಿಹಿಯಾಗಿ ಮಾತ್ರ ಚಿತ್ರಿಸಿಲ್ಲ ಎನ್ನುವುದೂ ನೆನಪಿರಲಿ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಶಿಪ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು ಗಂಡುಶಿಶುಗಳನ್ನು ಕೊಲ್ಲಬೇಕೆಂಬ ಫರೋಹನ ಅಪ್ಪಣೆಯನ್ನು ಮೀರುತ್ತಾರೆ. ಆದಿಕಾಂಡ 35ರಲ್ಲಿ ರಾಹೇಲಳಿಗೆ ‘ಭಯಪಡಬೇಡ’ ಎಂದು ಹೇಳುವವಳೂ ಸೂಲಗಿತ್ತಿಯೇ, ಆದರೂ ರಾಹೇಲಳು ಉಳಿಯುವುದಿಲ್ಲ. ಕೆಲಸಕ್ಕೆ ಇಳಿಯುವವರು ಎರಡನೆಯ ಭಾಗವನ್ನು ಹೆಚ್ಚು ಧ್ಯಾನಿಸುವುದು ಒಳ್ಳೆಯದು. ಪ್ರಾರ್ಥಿಸಿದ ಹೆರಿಗೆಯೆಲ್ಲ ಸುಖಾಂತ್ಯವಾಗುತ್ತದೆ ಎಂದುಕೊಂಡು ಬಂದವರು ಮೊದಲ ತಾಯಿ ಮರಣಕ್ಕೇ ಕುಸಿಯುತ್ತಾರೆ.

ಯಾವ ಕೋರ್ಸು

ಎಎನ್‌ಎಂ, ಅಂದರೆ ಸಹಾಯಕ ನರ್ಸ್-ಮಿಡ್‌ವೈಫ್ ಕೋರ್ಸು, ಎರಡು ವರ್ಷ. ಪಿಯುಸಿ ಯಾವ ವಿಭಾಗದಲ್ಲಾದರೂ ಆಗಿರಬಹುದು, ಹೆಣ್ಣುಮಕ್ಕಳಿಗೆ ಮಾತ್ರ. ಹಳ್ಳಿಯ ಉಪಕೇಂದ್ರದ ಕೆಲಸಕ್ಕೆ ಇದು ಸರಿ. ಆದರೆ ಮುಂದೆ ಪೂರ್ಣಪ್ರಮಾಣದ ಮಿಡ್‌ವೈಫ್ ಆಗಬೇಕೆಂದರೆ ಮತ್ತೆ ಜಿಎನ್‌ಎಂ ಓದಬೇಕಾಗುತ್ತದೆ. ಜಿಎನ್‌ಎಂ ಮೂರು ವರ್ಷ. ಇಂಗ್ಲಿಷ್ ಇರುವ ಪಿಯುಸಿಯಲ್ಲಿ ಶೇ. 40 ಅಂಕ ಬೇಕು, ಕಲಾ ವಿಭಾಗದವರೂ ಸೇರಬಹುದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಕಡ್ಡಾಯ, ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ. ಕರ್ನಾಟಕದ ಸರ್ಕಾರಿ ಕೋಟಾ ಸೀಟುಗಳಿಗೆ ಈಗ ಸಿಇಟಿ ಬರೆಯಬೇಕು. ಮೂರಕ್ಕೂ ಕನಿಷ್ಠ ವಯಸ್ಸು 17.

ಬಿಎಸ್ಸಿ ಸಿಗುವಂತಿದ್ದರೆ ಬಿಎಸ್ಸಿಯೇ ಲೇಸು. ಮೇಲೆ ಓದಲು, ಪಾಠ ಮಾಡಲು, ಹೊರದೇಶಕ್ಕೆ ಹೋಗಲು ಎಲ್ಲದಕ್ಕೂ ಅದೇ ಕೇಳುತ್ತಾರೆ. ಆದರೆ ಹೆರಿಗೆಗಳು ಕಡಿಮೆ ಇರುವ ಕಾಲೇಜಿನ ಬಿಎಸ್ಸಿಗಿಂತ ದಿನಕ್ಕೆ ನಾಲ್ಕಾರು ಹೆರಿಗೆ ನಡೆಯುವ ಮಿಷನ್ ಆಸ್ಪತ್ರೆಯ ಜಿಎನ್‌ಎಂ ಮೇಲು. ಇದನ್ನು ಅಳುಕದೆ ಹೇಳಬಹುದು.

ಇವುಗಳ ಮೇಲೆ ಬರುವುದು ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’, ಚಿಕ್ಕದಾಗಿ ಎನ್‌ಪಿಎಂ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹುಟ್ಟಿದ್ದು, ಒಟ್ಟು 18 ತಿಂಗಳು. ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟವೂ ನರ್ಸಿಂಗ್ ಮುಗಿಸಿ ಬರುವವರಿಗೆ ಕನಿಷ್ಠ 18 ತಿಂಗಳ ತರಬೇತಿಯನ್ನೇ ಮಾನದಂಡವಾಗಿಟ್ಟಿದೆ. ನೀವು ಗುರಿ ಇಡಬೇಕಾದದ್ದು ಇಲ್ಲಿಗೆ.

ಕಾಲೇಜು ಆರಿಸುವಾಗ ಮಾಡಬೇಕಾದ ಲೆಕ್ಕ

ಕ್ರೈಸ್ತ ಸಂಸ್ಥೆಗಳಿಗೆ ಈ ನಾಡಿನಲ್ಲಿ ಬರ ಇಲ್ಲ. ಮಂಗಳೂರು ಕಂಕನಾಡಿಯಲ್ಲಿ 1880ರಲ್ಲಿ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ ಶುರುಮಾಡಿದ ಫಾದರ್ ಮುಲ್ಲರ್ ಆಸ್ಪತ್ರೆ, ಬೆಂಗಳೂರಿನಲ್ಲಿ 1886ರ ಸೇಂಟ್ ಮಾರ್ಥಾಸ್, 1963ರ ಸೇಂಟ್ ಜಾನ್ಸ್, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ, 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ತೆರೆದ ಮಿಷನ್ ಆಸ್ಪತ್ರೆ. ಗಡಿಯಾಚೆ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು). ಒಂದೇ ರಾತ್ರಿ ಮೂವರು ಬಸುರಿಯರು ಗಂಡಸು ವೈದ್ಯ ಬೇಡವೆಂಬ ಮನೆಯವರ ಹಟಕ್ಕೆ ಸತ್ತದ್ದನ್ನು ಕಂಡು ಐಡಾ ಸ್ಕಡರ್ ವೈದ್ಯೆಯಾಗಲು ಹೊರಟ ಕಥೆ ಸಭೆಗಳಲ್ಲಿ ಎಲ್ಲರಿಗೂ ಗೊತ್ತು. ಅವರು 1900ರಲ್ಲಿ ವೆಲ್ಲೂರಿನಲ್ಲಿ ಒಂದು ಹಾಸಿಗೆಯಿಂದ ಶುರುಮಾಡಿದ ಈ ಆಸ್ಪತ್ರೆಗೆ 1909ರಲ್ಲೇ ನರ್ಸಿಂಗ್ ಶಾಲೆ ಬಂತು, 1946ರಲ್ಲಿ ನರ್ಸಿಂಗ್ ಕಾಲೇಜು.

ಹೆಸರು ನೋಡಿ ಸೇರಬೇಡಿ, ಲೇಬರ್ ರೂಮ್ ರಿಜಿಸ್ಟರ್ ನೋಡಿ ಸೇರಿ. ಕೇಳಬೇಕಾದ ಪ್ರಶ್ನೆ ಹೀಗೆ: ತಿಂಗಳಿಗೆ ಎಷ್ಟು ಸಹಜ ಹೆರಿಗೆ? ಅದರಲ್ಲಿ ಎಷ್ಟನ್ನು ನರ್ಸಿಂಗ್ ವಿದ್ಯಾರ್ಥಿನಿಯರ ಕೈಗೆ ಕೊಡುತ್ತೀರಿ? ಅದೇ ಕೋಣೆಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳು, ಪಿಜಿಗಳು ಎಷ್ಟು ಮಂದಿ? ಉದಾಹರಣೆಗೆ ತಿಂಗಳಿಗೆ 60 ಸಹಜ ಹೆರಿಗೆ, ಅರ್ಧ ಪಾಲು ವೈದ್ಯ ವಿದ್ಯಾರ್ಥಿಗಳಿಗೆ ಹೋದರೆ ಉಳಿದದ್ದು 30. ಒಂದು ಬ್ಯಾಚಿನಲ್ಲಿ 60 ಹುಡುಗಿಯರಿದ್ದರೆ ತಲೆಗೆ ತಿಂಗಳಿಗೆ ಅರ್ಧ ಹೆರಿಗೆ. ಕೇಸ್ ಬುಕ್ಕಿನಲ್ಲಿ ಮಾತ್ರ ಎಲ್ಲರ ಸಂಖ್ಯೆಯೂ ಪೂರ್ತಿಯಾಗಿರುತ್ತದೆ. ಹೇಗೆ ಆಗುತ್ತದೆ ಎಂದು ಸೀನಿಯರ್‌ಗಳನ್ನು ಕ್ಯಾಂಟೀನಿನಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಕಾಲೇಜಿಗೆ ಸ್ವಂತದ್ದಾದ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇದೆಯೇ, ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಈ ವರ್ಷಕ್ಕೆ ಚಾಲ್ತಿಯಲ್ಲಿದೆಯೇ, ಜಿಎನ್‌ಎಂ ಪರೀಕ್ಷೆ ನಡೆಸುವ ಮಂಡಳಿ ಯಾವುದು ಎಂದೂ ನೋಡಿಕೊಳ್ಳಿ. ಕೆಲವು ಹಳೆಯ ಮಿಷನ್ ಶಾಲೆಗಳ ಪರೀಕ್ಷೆಯನ್ನು ಭಾರತೀಯ ಕ್ರೈಸ್ತ ವೈದ್ಯಕೀಯ ಸಂಘದ, ಅಂದರೆ ಸಿಎಂಎಐನ, ದಕ್ಷಿಣ ಭಾರತ ಮಂಡಳಿ ನಡೆಸುತ್ತದೆ. ನೋಂದಣಿಗೆ ತೊಂದರೆಯಾಗದಂತೆ ಅದನ್ನು ಮೊದಲೇ ಖಾತ್ರಿಪಡಿಸಿಕೊಂಡರೆ ಒಳಿತು. ‘ನಾನ್ ಅಟೆಂಡಿಂಗ್’ ಸೀಟು ಕೊಡುತ್ತೇವೆ, ಬರುವುದೇ ಬೇಡ ಎನ್ನುವ ಏಜೆಂಟರನ್ನು ಹತ್ತಿರವೂ ಸೇರಿಸಬೇಡಿ. ಹಾಜರಿಯಿಲ್ಲದೆ ಪಡೆದ ಸರ್ಟಿಫಿಕೇಟಿನ ಬೆಲೆ ತೆರುವವಳು ಹೆರಿಗೆ ಮಂಚದ ಮೇಲೆ ಮಲಗಿದವಳು.

ಕಾಗದಪತ್ರ, ಸಭೆಯ ಪತ್ರ, ಬಾಂಡು

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್, ಕನ್ನಡ ನಾಡಿನಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ, ವೈದ್ಯಕೀಯ ದೃಢೀಕರಣ ಇವು ಎಲ್ಲರಿಗೂ ಬೇಕಾದವು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮುಂಚಿತವಾಗಿ ಮಾಡಿಸಿಕೊಳ್ಳಿ. ಕರ್ನಾಟಕದಲ್ಲಿ ಕ್ರೈಸ್ತರು ಪ್ರವರ್ಗ 3ಬಿಗೆ ಸೇರುತ್ತಾರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೆ. ಈ ವ್ಯತ್ಯಾಸ ಗೊತ್ತಿಲ್ಲದೆ 3ಬಿ ಬರೆಸಿ ಸೌಲಭ್ಯ ಕಳೆದುಕೊಳ್ಳುವ ಮನೆಗಳು ಇವೆ.

ಅಲ್ಪಸಂಖ್ಯಾತ ಸಂಸ್ಥೆಯಲ್ಲಿ ಸಮುದಾಯದ ಸೀಟಿಗೆ ದೀಕ್ಷಾಸ್ನಾನದ ಪ್ರಮಾಣಪತ್ರ ಮತ್ತು ಸಭೆಯ ಪತ್ರ ಕೇಳುತ್ತಾರೆ. ಹೆಸರಿನ ಕಾಗುಣಿತ ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು, ಎಸ್ಸೆಸ್ಸೆಲ್ಸಿಯಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಪ್ರವೇಶದ ವಾರದಲ್ಲಿ ಓಡಾಡುವ ಬದಲು ಆರು ತಿಂಗಳು ಮೊದಲೇ ಅಫಿಡವಿಟ್ ಮಾಡಿಸಿಡಿ.

ವೆಲ್ಲೂರಿನಂಥ ಕಡೆ ಸಭೆ ಅಥವಾ ಮಿಷನ್ ಸಂಸ್ಥೆಯ ಪ್ರಾಯೋಜಕತ್ವದಲ್ಲಿ ಸೇರಿದರೆ, ಓದಿನ ನಂತರ ಆ ಸಂಸ್ಥೆಯ ಆಸ್ಪತ್ರೆಯಲ್ಲಿ ಇಂತಿಷ್ಟು ವರ್ಷ ಸೇವೆ ಎಂಬ ಕರಾರು ಇರುತ್ತದೆ. ಸಹಿ ಹಾಕುವ ಮುಂಚೆ ನಾಲ್ಕು ವಿಷಯ ಬರಹದಲ್ಲಿ ಕೇಳಿ: ಎಷ್ಟು ವರ್ಷ, ಯಾವ ಆಸ್ಪತ್ರೆ, ಸಂಬಳ ಎಷ್ಟು, ನಡುವೆ ಮದುವೆ ಅಥವಾ ಉನ್ನತ ವ್ಯಾಸಂಗ ಬಂದರೆ ಏನು. ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ‘ದೇವರ ಕೆಲಸಕ್ಕೆ ಲಿಖಿತ ಯಾಕೆ’ ಎಂಬ ಮಾತು ಬಂದರೆ ಇನ್ನಷ್ಟು ಎಚ್ಚರ ವಹಿಸಿ.

ಸೇರುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಮುಗಿಸಬೇಕು: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೂಜಿ ಚುಚ್ಚಿಕೊಳ್ಳುವುದು ಈ ಕೆಲಸದಲ್ಲಿ ಅಪರೂಪವಲ್ಲ.

ಓದುವ ಕಾಲದಲ್ಲಿ ಕೈಗೆ ಬರಬೇಕಾದವು

ಮೊದಲು ಹೊಟ್ಟೆ ಮುಟ್ಟಿ ನೋಡುವುದು. ಸ್ಕ್ಯಾನಿಂಗ್ ರಿಪೋರ್ಟ್ ಓದುವ ಮುನ್ನ ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆ ಎಂದು ನಿಮ್ಮ ಅಂದಾಜನ್ನು ಬರೆದಿಟ್ಟು ಆಮೇಲೆ ತಾಯಿ ಕಾರ್ಡ್ ತೆರೆಯಿರಿ. ಬೆನ್ನು ಸಿಕ್ಕ ಕಡೆ ಕಿವಿ ಇಟ್ಟರೆ ಮಗುವಿನ ಎದೆಬಡಿತ ಸಿಗುತ್ತದೆ. ನಿಮಿಷಕ್ಕೆ 110ರಿಂದ 160. ಮೊದಲ ಹಂತದ ನೋವಿನಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸುವಾಗ ತಾಯಿಯ ನಾಡಿಯನ್ನೂ ಹಿಡಿದಿರಿ, ಇಲ್ಲವಾದರೆ ತಾಯಿಯ ಬಡಿತವನ್ನೇ ಮಗುವಿನದೆಂದು ಬರೆದುಬಿಡುವ ತಪ್ಪಾಗುತ್ತದೆ.

ಎರಡನೆಯದು ಕಾಯುವುದು. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದ ಮೇಲೆಯೇ ಸಕ್ರಿಯ ಹೆರಿಗೆ ನೋವು ಎಂದು ಪರಿಗಣಿಸುತ್ತಿದೆ. ಗಂಟೆಗೆ ಒಂದು ಸೆಂ.ಮೀ. ತೆರೆಯಲೇಬೇಕು ಎಂಬ ಹಳೆಯ ಅಳತೆಗೋಲನ್ನೂ ಕೈಬಿಟ್ಟಿದೆ. ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಬಂದವರೆಲ್ಲ ಕೈ ಹಾಕಿ ನೋಡಿದರೆ ಸೋಂಕಿನ ಅಪಾಯ ಹೆಚ್ಚು.

ಇಲ್ಲಿ ಎರಡು ಕೆಟ್ಟ ರೂಢಿಗಳ ವಿರುದ್ಧ ಮೊದಲಿಂದಲೇ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಒಂದು, ಮಗು ಹುಟ್ಟುವ ಮೊದಲೇ ‘ನೋವು ಬರುವ ಇಂಜೆಕ್ಷನ್’ ಎಂದು ಗರ್ಭಕೋಶವನ್ನು ಬಿಗಿಸುವ ಔಷಧವಾದ ಆಕ್ಸಿಟೋಸಿನ್ ಅನ್ನು ಸ್ನಾಯುವಿಗೆ ಚುಚ್ಚುವುದು. ಡ್ರಿಪ್ಪಿನಲ್ಲಿ ಕೊಟ್ಟದ್ದನ್ನು ನಿಲ್ಲಿಸಬಹುದು, ಚುಚ್ಚಿದ್ದನ್ನು ವಾಪಸು ತೆಗೆಯಲು ಬರುವುದಿಲ್ಲ. ನೋವು ಬಿಡುವಿಲ್ಲದೆ ಬಂದು ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ, ಗರ್ಭಕೋಶ ಹರಿಯಲೂಬಹುದು. ಇನ್ನೊಂದು, ಮೇಲೆ ನಿಂತು ಹೊಟ್ಟೆ ಒತ್ತುವುದು. ಇದರಿಂದಲೂ ಗರ್ಭಕೋಶಕ್ಕೆ ಅಪಾಯ, ಮಲದ್ವಾರದವರೆಗೆ ಹರಿಯುವ ಗಾಯದ ಭಯ. ಸೀನಿಯರ್ ಹೇಳಿದರು ಎಂದು ಮಾಡಿದರೂ ಅಪರಾಧ ನಿಮ್ಮ ಕೈಯದೇ.

ಮಗು ಹೊರಗೆ ಬಂದ ಮೇಲಿನ ಕೆಲವು ನಿಮಿಷಗಳನ್ನು ನಿದ್ದೆಯಲ್ಲೂ ತಪ್ಪದಂತೆ ಕಲಿಯಿರಿ. ಮಗುವನ್ನು ತಾಯಿಯ ಹೊಟ್ಟೆಯ ಮೇಲಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಮುಟ್ಟಿ ನೋಡಿ. ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡಿ. ಇದೇ ಔಷಧ ಮುಂಚೆ ವಿಷ, ಈಗ ಜೀವರಕ್ಷಕ. ಹೊಕ್ಕುಳಬಳ್ಳಿಗೆ ಒಂದರಿಂದ ಮೂರು ನಿಮಿಷ ಬಿಟ್ಟು ಕ್ಲಾಂಪ್ ಹಾಕಿ. ಗರ್ಭಕೋಶ ಬಿಗಿಯಾದಾಗ ಮಾತ್ರ, ಒಂದು ಕೈಯಿಂದ ಕಿಬ್ಬೊಟ್ಟೆಯ ಮೇಲೆ ಗರ್ಭಕೋಶವನ್ನು ಮೇಲಕ್ಕೆ ತಡೆಹಿಡಿದು, ಇನ್ನೊಂದು ಕೈಯಿಂದ ಬಳ್ಳಿಯನ್ನು ಸಮನಾಗಿ ಕೆಳಕ್ಕೆ ಎಳೆಯಿರಿ. ಮೂವತ್ತು ನಲವತ್ತು ಸೆಕೆಂಡಿನಲ್ಲಿ ಮಾಸು ಇಳಿಯದಿದ್ದರೆ ನಿಲ್ಲಿಸಿ, ಮುಂದಿನ ಬಿಗಿತಕ್ಕೆ ಕಾಯಿರಿ. ತಡೆಹಿಡಿಯದೆ ಎಳೆದರೆ ಗರ್ಭಕೋಶವೇ ಒಳಮುಖ ಹೊರಗಾಗಿ ಮಗುಚಿ ಬರಬಹುದು. ತಾಯಿ ನಿಮಿಷಗಳಲ್ಲಿ ಶಾಕ್‌ಗೆ ಹೋಗುತ್ತಾಳೆ. ಮಾಸು ಬಿದ್ದ ಮೇಲೆ ಬೋಗುಣಿಯಲ್ಲಿ ತೊಳೆದು ಹರಡಿ, ಒಂದು ಹಾಲೆಯಾಗಲಿ ಪೊರೆಯ ಚೂರಾಗಲಿ ಒಳಗೆ ಉಳಿದಿಲ್ಲವೆಂದು ನೋಡಬೇಕು.

ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲುತ್ತಿಲ್ಲ ಎನ್ನುವುದಕ್ಕೆ ಆಗಾಗ ಕಾರಣ ಫ್ರಿಜ್ಜು. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ಟ್ರೇಯಲ್ಲಿ ಬಿದ್ದ ಆಂಪೂಲ್ ಅನ್ನು ನಂಬಬೇಡಿ. ಡ್ಯೂಟಿಗೆ ಬಂದ ತಕ್ಷಣ ಫ್ರಿಜ್ಜಿನ ತಾಪಮಾನ ಬರೆಯುವ ಅಭ್ಯಾಸ ಇರಲಿ.

ರಕ್ತಸ್ರಾವವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿದರೆ ಯಾವಾಗಲೂ ಕಡಿಮೆಯೇ ಬರುತ್ತದೆ. ರಕ್ತ ಸಂಗ್ರಹವಾಗಲು ತಾಯಿಯ ಕೆಳಗೆ ಹಾಸುವ, ಅಳತೆ ಗುರುತಿರುವ ಪ್ಲಾಸ್ಟಿಕ್ ಡ್ರೇಪ್ ಬಳಸಿ. ಅದರ ಬಗ್ಗೆ ಹೆಮ್ಮೆಯಿಂದ ಹೇಳಬಹುದಾದ ಮಾತೊಂದಿದೆ: ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಡ್ರೇಪನ್ನೇ ಬಳಸಿದ್ದರು. ಹಳ್ಳಿಗಳಲ್ಲಿ ಎಎನ್‌ಎಂ ಸಿಸ್ಟರುಗಳು ಬಾಯಿಗೆ ಕೊಟ್ಟ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹೆರಿಗೆ ನಂತರದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. 500 ಮಿ.ಲೀ. ದಾಟಿದರೆ ಕೂಗಿ ಜನ ಸೇರಿಸಿ, ಗರ್ಭಕೋಶ ತಿಕ್ಕಿ, ಮೂತ್ರ ಖಾಲಿ ಮಾಡಿಸಿ, ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್, ಹೆರಿಗೆಯಾದ ಮೂರು ಗಂಟೆಯೊಳಗೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ.

ಮಗು ಅಳದಿದ್ದರೆ ತಲೆಕೆಳಗಾಗಿ ಹಿಡಿದು ಬಡಿಯುವುದು ಬೇಡ. ಒರೆಸಿ, ಬೆಚ್ಚಗಿಟ್ಟು, ಕತ್ತು ಸರಿಮಾಡಿ, ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕಿನಿಂದ ನಿಮಿಷಕ್ಕೆ 40ರಿಂದ 60 ಉಸಿರು ಕೊಡಿ. ಎದೆ ಏಳುತ್ತಿಲ್ಲ ಎಂದರೆ ಬಹುಪಾಲು ಮಾಸ್ಕ್ ಸೋರುತ್ತಿರುತ್ತದೆ.

ನೋಂದಣಿ, ಮೊದಲ ಕೆಲಸ, ಎನ್‌ಪಿಎಂ

ಪಾಸಾದ ಕೂಡಲೇ ಕೌನ್ಸಿಲ್‌ನಲ್ಲಿ ನೋಂದಾಯಿಸಿ. ನೋಂದಣಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಕೆಲಸಕ್ಕೆ ಸೇರುವಾಗ ಲೇಬರ್ ರೂಮ್ ಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಬಿಟ್ಟರೆ ಐಸಿಯುಗೆ ಹಾಕುತ್ತಾರೆ, ಎರಡು ವರ್ಷ ಕಳೆದೇ ಹೋಗುತ್ತದೆ. ಎನ್‌ಪಿಎಂಗೆ ಹೆರಿಗೆ ವಿಭಾಗದ ಅನುಭವವೇ ಮುಖ್ಯ, ಹಾಗಾಗಿ ಅನುಭವ ಪತ್ರದಲ್ಲಿ ‘ಸ್ಟಾಫ್ ನರ್ಸ್’ ಎಂದಷ್ಟೇ ಬರೆಸದೆ ‘ಲೇಬರ್ ರೂಮ್, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ನೀವು ನಡೆಸಿದ ಹೆರಿಗೆಗಳ ಸ್ವಂತ ಲೆಕ್ಕದ ಪುಸ್ತಕವೂ ಇರಲಿ, ತಾಯಿಯ ಹೆಸರಿಲ್ಲದೆ.

ಎನ್‌ಪಿಎಂಗೆ ಸರ್ಕಾರ ಹೆಚ್ಚಾಗಿ ತನ್ನದೇ ನರ್ಸ್‌ಗಳನ್ನು ಕಳಿಸುತ್ತದೆ. ಮುಗಿಸಿದವರು ತೊಡಕಿಲ್ಲದ ಹೆರಿಗೆಗಳನ್ನು ಮಿಡ್‌ವೈಫ್ ನೇತೃತ್ವದ ಘಟಕಗಳಲ್ಲಿ ತಾವೇ ನೋಡಿಕೊಳ್ಳುತ್ತಾರೆ. ಖಾಸಗಿಯವರಲ್ಲಿ ಹೈದರಾಬಾದಿನ ಫರ್ನಾಂಡಿಸ್ ಸಂಸ್ಥೆ ಈ ತರಬೇತಿಯಲ್ಲಿ ಮುಂದಿದೆ. 2011ರಲ್ಲೇ ತನ್ನದೇ ಮಿಡ್‌ವೈಫರಿ ತರಬೇತಿ ಆರಂಭಿಸಿತ್ತು. ಪಾಠ ಹೇಳುವ ಆಸೆಯಿದ್ದರೆ ಪ್ರಸೂತಿ ವಿಭಾಗದಲ್ಲಿ ಎಂಎಸ್ಸಿ ನರ್ಸಿಂಗ್ ಎರಡು ವರ್ಷ. ಆದರೆ ಎಂಎಸ್ಸಿ ನಿಮ್ಮನ್ನು ತರಗತಿಗೆ ಒಯ್ಯುತ್ತದೆ, ಎನ್‌ಪಿಎಂ ಮಂಚದ ಪಕ್ಕಕ್ಕೆ.

ವಿಶ್ವಾಸ ಮತ್ತು ಹೆರಿಗೆ ಕೋಣೆ

ಪ್ರಾರ್ಥನೆಯಿಂದ ಶುರುಮಾಡೋಣ. ನೋವಿನಲ್ಲಿರುವ ಹೆಂಗಸು ನಿಮ್ಮ ಕೈಯಲ್ಲಿ ಇರುತ್ತಾಳೆ. ನೀವು ‘ಪ್ರಾರ್ಥನೆ ಮಾಡಲಾ?’ ಎಂದು ಕೇಳಿದರೆ ಬೇಡ ಎನ್ನುವ ಧೈರ್ಯ ಅವಳಿಗೆ ಇರುವುದಿಲ್ಲ. ಆದ್ದರಿಂದ ಬಾಯಿಬಿಟ್ಟ ಪ್ರಾರ್ಥನೆ ಅವಳೇ ಕೇಳಿದಾಗ ಮಾತ್ರ. ಮನಸ್ಸಿನೊಳಗಿನದಕ್ಕೆ ಯಾರ ಅಪ್ಪಣೆಯೂ ಬೇಡ. ಸಾಬೂನಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿಕೊಂಡರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಅವಳು ‘ಅಯ್ಯೋ ರಾಯರೇ’, ‘ಯಲ್ಲಮ್ಮ ತಾಯೀ’, ‘ಯಾ ಅಲ್ಲಾ’ ಎಂದು ಕೂಗಿದರೆ ಕೂಗಲಿ. ಮಣಿಕಟ್ಟಿನ ದಾರ ಡ್ರಿಪ್ಪಿಗೆ ಅಡ್ಡವಾದರೆ ಮೇಲಕ್ಕೆ ಸರಿಸಿ, ಕತ್ತರಿಸಲು ಹೋಗಬೇಡಿ.

ಕ್ಯಾಥೊಲಿಕ್ ಸಭೆಯಲ್ಲಿ ಸಾವಿನಂಚಿನ ಶಿಶುವಿಗೆ ತುರ್ತು ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು: ಹೆಸರು ಹೇಳಿ, ತಲೆಯ ಮೇಲೆ ನೀರು ಸುರಿಯುತ್ತ, ಪಿತನ ಮತ್ತು ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ದೀಕ್ಷಾಸ್ನಾನ ಕೊಡುತ್ತೇನೆ ಎನ್ನುವುದು. ತಂದೆತಾಯಿ ಕ್ರೈಸ್ತರಾಗಿದ್ದು ಅವರೇ ಕೇಳಿಕೊಂಡರೆ ಮಾತ್ರ ಮಾಡಿ, ಆಮೇಲೆ ಅವರ ಧರ್ಮಕೇಂದ್ರಕ್ಕೆ ತಿಳಿಸಿ. ಬೇರೆಯವರ ಮಗುವಿಗೆ ಗುಟ್ಟಾಗಿ ನೀರು ಹಾಕುವುದು ನಂಬಿಕೆದ್ರೋಹ. ಮತ್ತು ಬ್ಯಾಗ್ ಮಾಸ್ಕ್ ಹಿಡಿದ ಕೈಯನ್ನು ಇದಕ್ಕಾಗಿ ಬಿಡಬಾರದು.

ಹೆಣ್ಣು ಮಗು ಎಂದು ಹೇಳುವ ದನಿಯಲ್ಲೇ ಒಂದು ಸಾಕ್ಷಿ ಇದೆ. ಗಂಡಿಗೆ ಇಷ್ಟು, ಹೆಣ್ಣಿಗೆ ಇಷ್ಟು ಎಂದು ಭಕ್ಷೀಸು ಕೇಳುವ ವಾರ್ಡುಗಳಿವೆ. ಕೈಯೊಡ್ಡದಿರುವುದರ ಜೊತೆಗೆ ನಿಮ್ಮ ಶಿಫ್ಟಿನಲ್ಲಿ ಆಯಾಗಳೂ ಕೇಳದಂತೆ ನೋಡಿಕೊಳ್ಳಿ. ‘ಸ್ಕ್ಯಾನಿಂಗ್‌ನಲ್ಲಿ ಏನು ಅಂತ ಗೊತ್ತಾಯ್ತಾ ಸಿಸ್ಟರ್?’ ಎಂಬ ಪ್ರಶ್ನೆಗೆ ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯ ಪ್ರಕಾರ ಸನ್ನೆಯಲ್ಲೂ ಉತ್ತರಿಸುವಂತಿಲ್ಲ.

ಮನಸ್ಸಾಕ್ಷಿಯ ವಿಷಯಗಳನ್ನು ಕೆಲಸಕ್ಕೆ ಸೇರುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕ್ಯಾಥೊಲಿಕ್ ಆಸ್ಪತ್ರೆಗಳು ಸಂತಾನಹರಣ ಚಿಕಿತ್ಸೆ ಮಾಡುವುದಿಲ್ಲ, ಪ್ರಾಟೆಸ್ಟೆಂಟ್ ಮಿಷನ್ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಉಂಟು. ಸರ್ಕಾರಿ ಕೆಲಸದಲ್ಲಿ ಹೆರಿಗೆಯಾದ ಕೂಡಲೇ ವಂಕಿ (ಗರ್ಭ ತಡೆಯುವ ಕಾಪರ್-ಟಿ) ಅಳವಡಿಸುವುದು ನರ್ಸ್‌ಗಳ ಪಾಲಿಗೆ ಬರುತ್ತದೆ. ಗರ್ಭಪಾತವನ್ನು 1971ರ ಕಾಯ್ದೆಯಡಿ ನೋಂದಾಯಿತ ವೈದ್ಯರು ಮಾತ್ರ ಮಾಡಬೇಕು, ಆದರೆ ಸಹಾಯಕ್ಕೆ ನಿಲ್ಲದಿರಲು ಮನಸ್ಸಾಕ್ಷಿಯ ವಿನಾಯಿತಿ ಎಂಬ ಕಲಮು ಆ ಕಾಯ್ದೆಯಲ್ಲಿ ಇಲ್ಲ. ಸಂದರ್ಶನದಲ್ಲೇ ನಿಮ್ಮ ನಿಲುವು ಹೇಳಿ ಡ್ಯೂಟಿ ಹಂಚಿಕೆ ಒಪ್ಪಿಸಿಕೊಳ್ಳುವುದೊಂದೇ ದಾರಿ. ಗರ್ಭಪಾತವಾಗಿ ರಕ್ತ ಸುರಿಯುತ್ತ ಬಂದವಳ ಆರೈಕೆಗೆ ಮಾತ್ರ ಯಾವ ವಿನಾಯಿತಿಯೂ ಸಲ್ಲದು. ಅವಳಿಗೆ ಮುಖ ಸಿಂಡರಿಸುವವರು ಬೇರೆ ಕೆಲಸ ನೋಡಿಕೊಳ್ಳಲಿ. ಬ್ರಿಟನ್ನಿನ 1967ರ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಗ್ಲಾಸ್ಗೋದ ಇಬ್ಬರು ಕ್ಯಾಥೊಲಿಕ್ ಮಿಡ್‌ವೈಫ್‌ಗಳ ಪ್ರಕರಣದಲ್ಲಿ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ನೇರವಾಗಿ ಕೈಹಚ್ಚುವ ಕೆಲಸಕ್ಕಷ್ಟೇ ಅನ್ವಯ, ಮೇಲ್ವಿಚಾರಣೆಗೆ ಅಲ್ಲ ಎಂದಿತು.

ಕರುಣೆ ಕಾನೂನಿಗೆ ಎಡವುವ ಎರಡು ಜಾಗಗಳಿವೆ. 18 ತುಂಬದ ಬಸುರಿ, ಮದುವೆಯಾಗಿದ್ದರೂ ಸರಿ, ಬಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ‘ಪಾಪ, ಮನೆತನದ ಮರ್ಯಾದೆ’ ಎಂದು ತಾಯಿ ಕಾರ್ಡಿನಲ್ಲಿ ವಯಸ್ಸು ತಿದ್ದಿದವರು ಕೇಸು ಎದುರಿಸಿದ್ದಾರೆ. ಇನ್ನು, ಮದುವೆಯಾಗದ ತಾಯಿ ಮಗು ಬೇಡವೆಂದಾಗ ಮಕ್ಕಳಿಲ್ಲದ ಒಳ್ಳೆಯ ಕ್ರೈಸ್ತ ಕುಟುಂಬವೊಂದು ನಿಮಗೆ ಗೊತ್ತಿರುತ್ತದೆ. ದಯವಿಟ್ಟು ನಡುವೆ ಬರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿ. ತಾಯಿಗೆ ಮನಸ್ಸು ಬದಲಿಸಲು 60 ದಿನ ಸಿಗುತ್ತದೆ. ಹಣ ಕೈ ಬದಲಾಯಿತೆಂದರೆ, ಆಸ್ಪತ್ರೆಯ ಸಿಬ್ಬಂದಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮೂರರಿಂದ ಏಳು ವರ್ಷ ಸೆರೆ.

ಸನ್ಯಾಸಿನಿಯಾಗಿ ಈ ಸೇವೆ ಮಾಡಬಯಸುವವರಿಗೆ ಇಂದು ಅಡ್ಡಿಯಿಲ್ಲ. ಹಿಂದೆ ಇತ್ತು: ಧರ್ಮಭಗಿನಿಯರು ಹೆರಿಗೆ ಕೆಲಸ ಮಾಡಬಾರದೆಂಬ ನಿಷೇಧವನ್ನು ರೋಮ್ ಸಡಿಲಿಸಿದ್ದು 1936ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆಯೇ ವಿಶೇಷ ಅನುಮತಿ ಪಡೆದು ಗುಂಟೂರಿನಲ್ಲಿ ವೈದ್ಯೆಯಾಗಿ ದುಡಿದ ಆಸ್ಟ್ರೇಲಿಯದ ಸಿಸ್ಟರ್ ಮೇರಿ ಗ್ಲೌರಿ 1943ರಲ್ಲಿ ಭಾರತದ ಕ್ಯಾಥೊಲಿಕ್ ಆರೋಗ್ಯ ಸಂಘವನ್ನು ಕಟ್ಟಿದರು.

ಊರು ಬಿಟ್ಟು ಹೋಗುವುದಾದರೆ

ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಎಮ್ಯಾನುಯೆಲ್ ಆಸ್ಪತ್ರೆ ಸಂಘದ ಆಸ್ಪತ್ರೆಗಳಿವೆ. ಸಂಬಳ ಸಾಧಾರಣ, ಅನುಭವ ಮಾತ್ರ ನಗರದಲ್ಲಿ ಸಿಗದಂಥದ್ದು. ಹಿಂದಿ ಕಲಿತು ಹೋಗಿ. ಗಲ್ಫ್‌ಗೆ ಹೋಗುವವರು ಡೇಟಾಫ್ಲೋ (ಪ್ರಮಾಣಪತ್ರಗಳು ನಿಜವೇ ಎಂದು ನೋಡುವ ಸಂಸ್ಥೆ) ಪರಿಶೀಲನೆಗೆ ಬೇಕಾದ ಅನುಭವ ಪತ್ರಗಳನ್ನು ಕೆಲಸ ಬಿಡುವ ದಿನವೇ ಪಡೆದುಕೊಳ್ಳಿ, ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ಹೋಗಿ. ಬ್ರಿಟನ್ನಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ನೋಂದಣಿ ಬೇರೆ ಬೇರೆ. ಇಲ್ಲಿಯ ಆರ್‌ಎಂ ತೋರಿಸಿದರೆ ಅಲ್ಲಿ ಹೆರಿಗೆ ಕೋಣೆಯ ಬಾಗಿಲು ತೆರೆಯುವುದಿಲ್ಲ. ನರ್ಸ್ ಆಗಿ ಹೋದವರು ನರ್ಸ್ ಆಗಿಯೇ ಇರುತ್ತಾರೆ, ಮಿಡ್‌ವೈಫ್ ಆಗಲು ಪ್ರತ್ಯೇಕ ಅರ್ಹತೆ ಬೇಕು.

ಬಹುಕಾಲ ನಿಲ್ಲಲು

ತಾಯಿಯೊಬ್ಬಳು ತೀರಿಕೊಂಡ ರಾತ್ರಿ ಮೊದಲು ಮಾಡಬೇಕಾದದ್ದು ಬರೆಯುವುದು: ಯಾವ ಹೊತ್ತಿಗೆ ಏನು ಕಂಡಿತು, ಯಾರಿಗೆ ಫೋನ್ ಮಾಡಿದಿರಿ, ಏನು ಕೊಟ್ಟಿರಿ. ಆಮೇಲೆ ಗೀಚಿ ತಿದ್ದಬೇಡಿ. ಪ್ರತಿ ತಾಯಿ ಮರಣವೂ ಜಿಲ್ಲಾ ಮಟ್ಟದ ಪರಿಶೀಲನೆಗೆ ಹೋಗುತ್ತದೆ, ಅಲ್ಲಿ ನಿಮ್ಮ ಬರಹವೇ ಮಾತಾಡುವುದು. ‘ದೇವರ ಚಿತ್ತ’ ಎಂಬ ಮಾತನ್ನು ಆ ಪರಿಶೀಲನೆಯ ಕೋಣೆಗೆ ಒಯ್ಯಬೇಡಿ. ಫ್ರಿಜ್ಜು ಕೆಟ್ಟಿತ್ತೇ, ರಕ್ತ ತಡವಾಯಿತೇ, ಆಂಬುಲೆನ್ಸ್ ಎಲ್ಲಿ ನಿಂತಿತ್ತು ಎನ್ನುವುದಕ್ಕೆ ಅಲ್ಲಿ ಉತ್ತರ ಬೇಕು. ಅಳುವುದಕ್ಕೆ, ಪ್ರಾರ್ಥಿಸುವುದಕ್ಕೆ ಆಸ್ಪತ್ರೆಯ ಚಾಪ್ಲೆನ್ ಅಥವಾ ನಂಬಿಕಸ್ಥ ಹಿರಿಯ ಸಿಸ್ಟರ್ ಒಬ್ಬರನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಸಭೆಯಲ್ಲಿ ಸಾಕ್ಷಿ ಹೇಳುವಾಗ ರೋಗಿಯ ಊರು, ಹೆಸರು, ಗುರುತು ಸಿಗುವ ಯಾವ ವಿವರವೂ ಬಾಯಿಂದ ಬರಬಾರದು.

ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 150 ಗಂಟೆಗಳ ಮುಂದುವರಿದ ಶಿಕ್ಷಣದ ದಾಖಲೆ ಕೇಳುತ್ತಾರೆ. ವರ್ಷಕ್ಕೆ 30 ಗಂಟೆಯಂತೆ ಆಯಾ ವರ್ಷವೇ ಮುಗಿಸಿ, ಪ್ರಮಾಣಪತ್ರಗಳನ್ನು ಒಂದೇ ಫೈಲಿನಲ್ಲಿ ಇಡಿ. ಆರಿಸುವಾಗ ಸಭಾಂಗಣದ ಭಾಷಣಗಳಿಗಿಂತ ಬೊಂಬೆಯ ಮೇಲೆ ಕೈಯಾಡಿಸಿ ಕಲಿಸುವ ತರಬೇತಿಗಳನ್ನು ಆರಿಸಿಕೊಳ್ಳಿ: ಭುಜ ಸಿಕ್ಕಿಕೊಂಡ ಹೆರಿಗೆ, ಕಾಲು ಮುಂದಾಗಿ ಬರುವ ಮಗು, ಗರ್ಭನಂಜಿನ ಫಿಟ್ಸು. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಎದುರಾಗುವ ಇಂಥವುಗಳನ್ನೇ ಕೈ ಬೇಗ ಮರೆಯುತ್ತದೆ.